ಅಂಬಾಸಿಡರ್ ಡ್ರಮ್ ಬ್ರೇಕ್: ಎಷ್ಟು ಏರ್ ತೆಗೆದರೂ ಪೆಡಲ್ ಮತ್ತೆ ಮೆತ್ತಗೆ, ಆಯಿಲ್ ಮಾತ್ರ ಎಲ್ಲೂ ಸೋರುತ್ತಿಲ್ಲ

ಟಿಳಕವಾಡಿ_ಅಂಬಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಮಾರ್ಕ್ 2 ಅಂಬಾಸಿಡರ್, ಅಜ್ಜನ ಕಾಲದ್ದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ. ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮುಖ್ಯ ಸಿಲಿಂಡರ್) ಹೊರಡುವುದು ಒಂದೇ ಲೈನ್. ಬಹಳ ವರ್ಷ ಶೆಡ್‌ನಲ್ಲೇ ನಿಂತಿತ್ತು, ನಮ್ಮೂರ ಮಳೆಗಾಲ ಗೊತ್ತಲ್ಲ, ಸಿಲಿಂಡರ್‌ಗಳೆಲ್ಲ ತುಕ್ಕು ಹಿಡಿದು ಜಾಮ್ ಆಗಿದ್ದವು. ಹಾಗಾಗಿ ಬಾಡಿ ಕೆಲಸದ ಜೊತೆಗೇ ಬ್ರೇಕ್ ಕೂಡ ಪೂರ್ತಿ ಹೊಸದು ಮಾಡಿಸಿದೆವು. ಮಾಸ್ಟರ್ ಸಿಲಿಂಡರ್‌ಗೆ ಒಳಗಿನ ಹೊಸ ರಬ್ಬರ್‌ಗಳ ಕಿಟ್, ಆರೂ ವ್ಹೀಲ್ ಸಿಲಿಂಡರ್ ಹೊಸವು (ಚಕ್ರದ ಒಳಗೆ ಬ್ರೇಕ್ ಶೂ ತಳ್ಳುವವು; ಮುಂದೆ ಚಕ್ರಕ್ಕೆ ಎರಡೆರಡು, ಹಿಂದೆ ಒಂದೊಂದು), ಹೋಸ್ ಪೈಪ್, ಸ್ಟೀಲ್ ಲೈನ್, ಶೂಗೆ (ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸುವ ಭಾಗ) ಹೊಸ ಲೈನರ್. ಡ್ರಮ್ ಒಳಗೆ ಲೇಥ್‌ನಲ್ಲಿ ಹೆರೆಸಿ ಟರ್ನಿಂಗ್ ಮಾಡಿಸಿದ್ದೇವೆ. ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದು.

ಈಗ ಗೋಳು ಏನಂದ್ರೆ, ಮೊದಲ ಸಲ ಒತ್ತಿದಾಗ ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಬೇಗ ಇನ್ನೊಂದು ಸಲ ಒತ್ತಿದರೆ ಮೇಲೆ ಬರುತ್ತದೆ, ಆದರೂ ಗಟ್ಟಿ ಇಲ್ಲ, ರಬ್ಬರ್ ಒತ್ತಿದ ಹಾಗೆ. ಲೈನ್‌ನಲ್ಲಿ ಸಿಕ್ಕಿಕೊಂಡ ಏರ್ ತೆಗೆದ ದಿನ ತಕ್ಕಮಟ್ಟಿಗೆ ಇರುತ್ತದೆ. ಗಾಡಿ ಒಂದಿಷ್ಟು ಓಡಿಸಿ, ಕೆಲವು ದಿನ ನಿಲ್ಲಿಸಿ ನೋಡಿದರೆ ಮತ್ತೆ ಅದೇ ಕಥೆ. ನಿಪ್ಪಲ್ (ಏರ್ ಹೊರಬಿಡುವ ತಿರುಪು) ಬಿಚ್ಚಿದರೆ ಗುಳ್ಳೆ ಬರುತ್ತದೆ. ಚಕ್ರ ಬಿಚ್ಚಿ, ಡ್ರಮ್ ತೆಗೆದು, ಸಿಲಿಂಡರ್ ರಬ್ಬರ್ ಎತ್ತಿ ನೋಡಿದ್ದಾಯಿತು. ಒಣಗಿದೆ. ಮಾಸ್ಟರ್ ಸಿಲಿಂಡರ್‌ನ ಡಬ್ಬಿಯಲ್ಲಿ ಆಯಿಲ್ ಮಟ್ಟವೂ ಇಳಿದಿಲ್ಲ.

ಗ್ಯಾರೇಜ್‌ನವರು "ಹಳೇ ಗಾಡಿ ಸರ್, ಎರಡು ಪಂಪ್ ಹೊಡೆದು ಬ್ರೇಕ್ ಹಾಕೋದು ರೂಢಿ ಮಾಡ್ಕೊಳ್ಳಿ" ಅಂತ ಕೈ ತೊಳೆದುಕೊಂಡರು. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಆಸೆ ಇದೆ. ಈ ಪೆಡಲ್ ಇಟ್ಟುಕೊಂಡು ವಂಟಮುರಿ ಘಾಟ್ ಇಳಿಯಲೂ ಧೈರ್ಯ ಇಲ್ಲ. ಆಯಿಲ್ ಹೊರಗೆ ಬರಲ್ಲ ಅಂದ್ರೆ ಗಾಳಿ ಒಳಗೆ ಹೋಗೋದಾದರೂ ಹೇಗೆ? ಯಾರಾದರೂ ಬಿಡಿಸಿ ಹೇಳಿ.

ಗೋಕಾಕ_ಫಿಯಟ್

ನಿಮ್ಮ ಗಾಡಿಗೆ ಎರಡು ರೋಗ ಒಟ್ಟಿಗೇ ಇರೋ ಹಾಗಿದೆ. ಪೆಡಲ್ ಕೆಳಗೆ ಹೋಗೋದು ಬೇರೆ, ಮೆತ್ತಗೆ ಇರೋದು ಬೇರೆ. ಶೂಗೂ ಡ್ರಮ್‌ಗೂ ನಡುವೆ ಜಾಗ ಜಾಸ್ತಿ ಇದ್ದರೆ ಮೊದಲ ಒತ್ತಿನ ಆಯಿಲ್ ಎಲ್ಲ ಶೂ ಮುಂದಕ್ಕೆ ತಳ್ಳಲಿಕ್ಕೇ ಹೋಗುತ್ತದೆ. ಎರಡನೇ ಒತ್ತಿಗೆ ಪೆಡಲ್ ಮೇಲೆ ಬರುತ್ತದೆ. ಏರ್ ಒಂದು ಹನಿ ಇಲ್ಲದಿದ್ದರೂ ಹೀಗಾಗುತ್ತದೆ.

ಈ ಜಾಗ ಹೊಂದಿಸುವ ಅಡ್ಜಸ್ಟರ್ ಬಿಗಿ ಮಾಡುತ್ತಾ ಚಕ್ರ ನಿಲ್ಲುವವರೆಗೂ ಹೋಗಿ. ಆಮೇಲೆ ಚಕ್ರ ಸ್ವಲ್ಪ ಸವರಿದ ಸದ್ದಿನೊಂದಿಗೆ ತಿರುಗುವಷ್ಟು ಮಾತ್ರ ಸಡಿಲ ಬಿಡಿ. ಮುಂದೆ ಎರಡೂ ಶೂಗೆ ಬೇರೆ ಬೇರೆ ಅಡ್ಜಸ್ಟ್ ಇರುತ್ತದೆ. ಬಹಳ ಜನ ಒಂದು ಮಾಡಿ ಇನ್ನೊಂದು ಬಿಡ್ತಾರೆ. ಸುಲಭದ ಟೆಸ್ಟ್ ಒಂದಿದೆ. ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ಒತ್ತಿ ನೋಡಿ. ಎಳೆದಾಗ ಪೆಡಲ್ ಮೇಲೆ ಬಂದರೆ ಹಿಂದಿನ ಶೂ ಸಡಿಲ ಇವೆ ಅಂತ ಅರ್ಥ.

ಇನ್ನೊಂದು. ಡ್ರಮ್ ಟರ್ನಿಂಗ್ ಮಾಡಿಸಿದ್ದೀರಿ ಅಂದ್ರಲ್ಲ, ಹಾಗಾದ್ರೆ ಡ್ರಮ್ ಒಳಗಿನ ಸುತ್ತು ದೊಡ್ಡದಾಗಿದೆ. ಹೊಸ ಲೈನರ್‌ನ ಬಾಗು ಹಳೇ ಅಳತೆಯದು. ಆಗ ಶೂ ನಡುವೆ ಮಾತ್ರ ತಾಗುತ್ತದೆ, ಜೋರಾಗಿ ಒತ್ತಿದರೆ ಶೂನೇ ಬಾಗುತ್ತದೆ, ಕಾಲಿಗೆ ಥೇಟ್ ಏರ್ ಇದ್ದ ಹಾಗೇ ಅನ್ನಿಸುತ್ತದೆ. ಡ್ರಮ್ ಒಳಗೆ ಚಾಕ್‌ಪೀಸ್ ಬಳಿದು ಶೂ ಉಜ್ಜಿ ನೋಡಿ. ಲೈನರ್ ನಡುವೆ ಮಾತ್ರ ಬಿಳಿ ಆದರೆ ಅದನ್ನು ಡ್ರಮ್ ಅಳತೆಗೆ ಗ್ರೈಂಡ್ ಮಾಡಿಸಬೇಕು.

ಆದರೆ ನಿಪ್ಪಲ್‌ನಲ್ಲಿ ಗುಳ್ಳೆ ನಿಜವಾಗಿ ಕಂಡಿದ್ದರೆ ಇದೊಂದೇ ಕಾರಣ ಅಲ್ಲ.

ಉದ್ಯಮಬಾಗ_ಲೇಥ್ (ಬೆಳಗಾವಿ)

ಗೋಕಾಕದವರು ಹೇಳಿದ್ದು ಸರಿ. ಅದನ್ನು ಮುಗಿಸಿದ ಮೇಲೆ ಸುಮ್ನೆ ನಾಲ್ಕೂ ಚಕ್ರಕ್ಕೆ ಸುತ್ತು ಹಾಕುತ್ತಾ ಕೂರಬೇಡಿ. ಏರ್ ಎಲ್ಲಿದೆ ಅಂತ ಮೊದಲು ಹಿಡಿಯಿರಿ. ಇಲ್ಲದಿದ್ದರೆ ಆಯಿಲ್ ಡಬ್ಬಿ ಮೇಲೆ ಡಬ್ಬಿ ಖಾಲಿ ಆಗುತ್ತದೆ ಅಷ್ಟೇ.

ಮಾಸ್ಟರ್ ಸಿಲಿಂಡರ್‌ನಿಂದ ಪೈಪ್ ಬಿಚ್ಚಿ, ಆ ತೂತಿಗೆ ಡಮ್ಮಿ ಬೋಲ್ಟ್ ಹಾಕಿ ಬಂದ್ ಮಾಡಿ. ಈಗ ಪೆಡಲ್ ಒತ್ತಿ. ಕಲ್ಲಿನಂತೆ ನಿಂತರೆ ಮಾಸ್ಟರ್ ಚೆನ್ನಾಗಿದೆ. ಮೆತ್ತಗಿದ್ದರೆ ಏರ್ ಮಾಸ್ಟರ್ ಒಳಗೇ ಇದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗೆ ಇಳಿದರೆ ಒಳಗಿನ ಕಪ್ (ರಬ್ಬರ್ ಸೀಲ್) ಆಯಿಲ್ ಬಿಡುತ್ತಿದೆ, ಅಥವಾ ಸಿಲಿಂಡರ್ ಗೋಡೆಯಲ್ಲಿ ತುಕ್ಕಿನ ಗುಳಿ ಇದೆ. ಮಾಸ್ಟರ್ ಪಾಸಾದರೆ ಪೈಪ್ ಮತ್ತೆ ಜೋಡಿಸಿ, ಹಿಂದಿನ ಆಕ್ಸಲ್‌ಗೆ ಹೋಗುವ ಲೈನ್ ಬಂದ್ ಮಾಡಿ ನೋಡಿ. ಆಮೇಲೆ ಮುಂದಿನ ಒಂದೊಂದೇ ಹೋಸ್. ಯಾವುದನ್ನು ಬಂದ್ ಮಾಡಿದಾಗ ಪೆಡಲ್ ಗಟ್ಟಿ ಆಗುತ್ತದೋ ಅಲ್ಲೇ ಕಳ್ಳ. ಹೊಸ ಹೋಸ್ ಆದರೆ ಉರುಟು ಅಂಚಿನ ಕ್ಲಾಂಪ್‌ನಿಂದ ಹಿಡಿಯಬಹುದು. ಪ್ಲೈಯರ್ ಹಾಕಿ ಒತ್ತಿದರೆ ಹೋಸ್ ಒಳಗಿನ ಪದರ ಹರಿಯುತ್ತದೆ, ಅದು ಬೇಡ.

ಡಮ್ಮಿ ಬೋಲ್ಟ್ ವಿಷಯದಲ್ಲಿ ಒಂದು ಮಾತು. ಇದು ಬ್ರಿಟಿಷ್ ಮೂಲದ ಗಾಡಿ, ಥ್ರೆಡ್ ಇಂಚಿನದು. ಹತ್ತು ಎಂಎಂ ಬೋಲ್ಟ್ ನೋಡೋಕೆ ಒಂದೇ ಥರ ಕಾಣುತ್ತದೆ ಅಂತ ಬಲವಂತ ಮಾಡಿ ತಿರುಗಿಸಿದರೆ ಮಾಸ್ಟರ್ ಸಿಲಿಂಡರೇ ಹಾಳು. ಹಳೇ ಪೈಪ್ ನಟ್ ಒಂದು ತನ್ನಿ, ಉದ್ಯಮಬಾಗದಲ್ಲಿ ಯಾವ ಲೇಥ್‌ನವರಿಗೆ ಕೊಟ್ಟರೂ ಅದೇ ಥ್ರೆಡ್‌ಗೆ ಬೋಲ್ಟ್ ಮಾಡಿ ಕೊಡ್ತಾರೆ. ತುದಿಯ ಆಕಾರ ಪೈಪ್ ಫ್ಲೇರ್‌ನಂತೆಯೇ (ಪೈಪ್‌ನ ಅರಳಿಸಿದ ತುದಿ) ಇರಬೇಕು.

ಈಗ ನನ್ನ ಅನುಮಾನ ಹೇಳ್ತೀನಿ. ಮುಂದಿನ ಚಕ್ರಕ್ಕೆ ಎರಡೆರಡು ಸಿಲಿಂಡರ್ ಅಂದ್ರಿ. ಹೋಸ್‌ನಿಂದ ಆಯಿಲ್ ಒಂದು ಸಿಲಿಂಡರ್‌ಗೆ ಬರುತ್ತದೆ, ಅಲ್ಲಿಂದ ಬ್ಯಾಕ್ ಪ್ಲೇಟ್ (ಸಿಲಿಂಡರ್, ಶೂ ಕೂರುವ ತಗಡು) ಹಿಂದೆ ಇರುವ ಸಣ್ಣ ಬ್ರಿಡ್ಜ್ ಪೈಪ್‌ನಲ್ಲಿ ಎರಡನೆಯದಕ್ಕೆ ಹೋಗುತ್ತದೆ, ನಿಪ್ಪಲ್ ಕೊನೆಗೆ. ನಿಪ್ಪಲ್ ಎಲ್ಲಕ್ಕಿಂತ ಮೇಲೆ ಇರಲೇಬೇಕು. ಹೊಸ ಸಿಲಿಂಡರ್ ಹಾಕುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿರಬಹುದು. ಅಥವಾ ಒಂದೇ ಸಿಲಿಂಡರ್‌ನ ಎರಡು ತೂತಿನಲ್ಲಿ ಬ್ರಿಡ್ಜ್ ಪೈಪ್ ಮೇಲಿನದಕ್ಕೆ, ನಿಪ್ಪಲ್ ಕೆಳಗಿನದಕ್ಕೆ ಬಿದ್ದಿರಬಹುದು. ಬೋಲ್ಟ್ ಹೊಂದುತ್ತದೆ, ಆಯಿಲ್ ಸೋರಲ್ಲ, ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಆದರೆ ಏರ್ ಮೇಲ್ಗಡೆ ಮೂಲೆಯಲ್ಲಿ ಕೂತಿರುತ್ತದೆ, ನಿಪ್ಪಲ್ ಕೆಳಗಿನಿಂದ ಬರೀ ಆಯಿಲ್ ಹೋಗುತ್ತದೆ, ಗಾಡಿ ಅಲುಗಾಡಿದಾಗ ಒಂದೆರಡು ಗುಳ್ಳೆ ಜಾರಿ ಬರುತ್ತವೆ, ನೀವು ಹೊಸ ಏರ್ ಬಂತು ಅಂದುಕೊಳ್ತೀರಿ. ಎಡಗಡೆ ಬಲಗಡೆ ಎರಡನ್ನೂ ಪಕ್ಕಪಕ್ಕ ಫೋಟೋ ತೆಗೆದು ನೋಡಿ, ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಹೊಂದಬೇಕು.

ಸ್ಟೀಲ್ ಲೈನ್ ಹೊಸದಾಗಿ ಬಗ್ಗಿಸಿದ್ದಾರಲ್ವಾ? ಹಿಂದಿನ ಆಕ್ಸಲ್ ಹತ್ತಿರ ಎಲ್ಲಾದರೂ ಕಮಾನಿನ ಥರ ಮೇಲೆ ಏರಿ ಇಳಿದಿದ್ದರೆ ಅಲ್ಲೂ ಏರ್ ನಿಲ್ಲುತ್ತದೆ. ನಿಧಾನ ಪಂಪ್‌ಗೆ ಅದು ಬರಲ್ಲ, ಆಯಿಲ್ ಅದರ ಕೆಳಗಿಂದ ಹರಿದು ಹೋಗುತ್ತದೆ.

ಟಿಳಕವಾಡಿ_ಅಂಬಿ

ಬಹಳ ಉಪಕಾರ ಆಯಿತು ಇಬ್ಬರಿಗೂ. ಅಡ್ಜಸ್ಟರ್ ವಿಷಯ ಸರಿ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದಾಗ ಪೆಡಲ್ ಮೇಲೆ ಬರುತ್ತಿತ್ತು. ಹಿಂದಿನವು ಬಿಗಿ ಮಾಡಿದ ಮೇಲೆ ಮೊದಲ ಒತ್ತಿಗೇ ಪೆಡಲ್ ಎತ್ತರದಲ್ಲಿದೆ. ರಬ್ಬರ್ ಥರದ ಮೆತ್ತಗೆ ಮಾತ್ರ ಹಾಗೇ ಇದೆ. ಚಾಕ್‌ಪೀಸ್ ಟೆಸ್ಟ್‌ನಲ್ಲಿ ಲೈನರ್ ಹೆಚ್ಚುಕಡಿಮೆ ಪೂರ್ತಿ ತಾಗುತ್ತಿದೆ. ಡಮ್ಮಿ ಬೋಲ್ಟ್ ಮಾಡಿಸಲು ಕೊಟ್ಟಿದ್ದೇನೆ. ಅಲ್ಲಿಯವರೆಗೆ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆದರೆ ಹೇಗೆ? ಗೆಳೆಯರೊಬ್ಬರ ಹತ್ತಿರ ಇದೆ.

ನಿಪ್ಪಾಣಿ_ಜೀಪ್

ವ್ಯಾಕ್ಯೂಮ್ ಪಂಪ್ ಎಲ್ಲ ಯಾಕೆ ಸರ್. ರಾತ್ರಿ ಪೆಡಲ್ ಒತ್ತಿ ಸೀಟಿಗೂ ಪೆಡಲ್‌ಗೂ ನಡುವೆ ಒಂದು ಕಟ್ಟಿಗೆ ಕೊಟ್ಟು ಹಾಗೇ ಬಿಡಿ. ಬೆಳಿಗ್ಗೆ ಪೆಡಲ್ ಗಟ್ಟಿ ಇರುತ್ತದೆ. ನಮ್ಮ ಜೀಪ್‌ಗೆ ಯಾವಾಗಲೂ ಇದೇ ಔಷಧ. ಮತ್ತೆ ಹಳೇ ಗಾಡಿಗೆ ಸಿಲಿಕೋನ್ ಆಯಿಲ್, ಅದೇ ಡಾಟ್ 5, ಹಾಕಿಬಿಡಿ. ನೀರು ಹೀರಲ್ಲ, ಪೇಂಟ್ ತಿನ್ನಲ್ಲ. ಬೆಳಗಾವಿ ಮಳೆಗೆ ಅದೇ ಬೆಸ್ಟ್.

ಬಿಜಾಪುರ_ಮಿಸ್ತ್ರಿ

ತಮ್ಮಾ ನಿಪ್ಪಾಣಿ, ಕಟ್ಟಿಗೆ ಔಷಧ ಯಾವಾಗಲೂ ಬೇಕಾಗುತ್ತದೆ ಅಂದ್ರೆ ರೋಗ ವಾಸಿ ಆಗಿಲ್ಲ ಅಂತಲೇ ಅಲ್ವಾ? ಪೆಡಲ್ ಒತ್ತಿ ಹಿಡಿದಾಗ ಮಾಸ್ಟರ್ ಒಳಗಿನ ಸಣ್ಣ ತೂತು ಮುಚ್ಚಿರುತ್ತದೆ. ಗುಳ್ಳೆ ಡಬ್ಬಿಗೆ ಹೋಗಲು ದಾರಿ ಇರಲ್ಲ. ಒತ್ತಡಕ್ಕೆ ಅಷ್ಟಿಷ್ಟು ಏರ್ ಆಯಿಲ್‌ನಲ್ಲಿ ಕರಗುತ್ತದೆ, ಚದುರಿದ ಗುಳ್ಳೆ ಜಾಗ ಬದಲಿಸುತ್ತವೆ, ಪೆಡಲ್ ಒಂದಿಷ್ಟು ದಿನ ಚೆನ್ನಾಗಿ ಕಾಣುತ್ತದೆ. ಕೊನೆಯ ಚೂರು ಏರ್‌ಗೆ ಆ ಉಪಾಯ ಪರವಾಗಿಲ್ಲ. ಇಲ್ಲಿ ಅದು ಉತ್ತರ ಅಲ್ಲ.

ಸಿಲಿಕೋನ್ ಆಯಿಲ್ ಬಗ್ಗೆ. ಪೇಂಟ್ ತಿನ್ನಲ್ಲ, ನೀರು ಹೀರಲ್ಲ, ಎರಡೂ ನಿಜ. ಆದರೆ ಅದರಲ್ಲಿ ಸಣ್ಣ ಸಣ್ಣ ಗುಳ್ಳೆ ಸಿಕ್ಕಿಕೊಂಡರೆ ಬೇಗ ಬಿಡಲ್ಲ. ಏರ್ ಜೊತೆ ಒದ್ದಾಡುವವರಿಗೆ ಅದನ್ನು ಹಾಕು ಅನ್ನೋದು ಒಳ್ಳೆ ಸಲಹೆ ಅಲ್ಲ. ಡಾಟ್ 3 ಇದ್ದ ಲೈನ್‌ಗೆ ಅದನ್ನು ಬೆರೆಸಲೂಬಾರದು. ಹೆಸರು ನೋಡಿ ಮೋಸ ಹೋಗಬೇಡಿ, ಡಾಟ್ 5.1 ಬೇರೆ. ಅದು ಡಾಟ್ 3, ಡಾಟ್ 4 ಜಾತಿಯದ್ದೇ.

ವ್ಯಾಕ್ಯೂಮ್ ಪಂಪ್‌ನಿಂದ ಎಳೆದರೆ ನಿಪ್ಪಲ್ ಥ್ರೆಡ್ ಸಂದಿಯಿಂದ ಹೊರಗಿನ ಗಾಳಿ ಬಂದು ಪೈಪ್‌ನಲ್ಲಿ ಗುಳ್ಳೆ ಮೇಲೆ ಗುಳ್ಳೆ ಕಾಣುತ್ತದೆ. ಅದು ಮುಗಿಯೋದೇ ಇಲ್ಲ. ಅದನ್ನು ನೋಡಿ ಲೈನ್‌ನಲ್ಲಿ ಏರ್ ಇದೆ ಅಂತ ತಲೆ ಕೆಡಿಸಿಕೊಂಡವರು ಎಷ್ಟೋ ಜನ.

ಈಗ ಟಿಳಕವಾಡಿಯವರ ಅಸಲಿ ಪ್ರಶ್ನೆಗೆ ಬರ್ತೀನಿ. ಆಯಿಲ್ ಹೊರಗೆ ಬರದೆ ಗಾಳಿ ಒಳಗೆ ಹೋಗುತ್ತದಾ? ಹೋಗುತ್ತದೆ. ವ್ಹೀಲ್ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಛತ್ರಿ ಇದ್ದ ಹಾಗೆ. ಒಳಗಿನಿಂದ ಒತ್ತಡ ಬಂದರೆ ಅಂಚು ಅರಳಿ ಗೋಡೆಗೆ ಅಂಟುತ್ತದೆ, ಹನಿ ಆಯಿಲ್ ಬಿಡಲ್ಲ. ಹೊರಗಿನಿಂದ ಒತ್ತಡ ಬಂದರೆ ಅಂಚು ಮುದುಡುತ್ತದೆ. ಪೆಡಲ್‌ನಿಂದ ಕಾಲು ತಟ್ಟನೆ ತೆಗೆದಾಗ ಮಾಸ್ಟರ್ ಪಿಸ್ಟನ್ ಜೋರಾಗಿ ಹಿಂದೆ ಬರುತ್ತದೆ, ಅಷ್ಟು ಬೇಗ ಆಯಿಲ್ ವಾಪಸ್ ಬರಲಾಗಲ್ಲ, ಲೈನ್‌ನಲ್ಲಿ ಆ ಕ್ಷಣಕ್ಕೆ ಎಳೆತ ಹುಟ್ಟುತ್ತದೆ, ಕಪ್ ಅಂಚಿನಿಂದ ಒಂದು ಚೂರು ಗಾಳಿ ಒಳಗೆ ಜಾರುತ್ತದೆ. ಮುಂದಿನ ಸಲ ಒತ್ತಿದಾಗ ಕಪ್ ಮತ್ತೆ ಗಟ್ಟಿ. ಹಾಗಾಗಿ ರಬ್ಬರ್ ಎತ್ತಿ ನೋಡಿದರೆ ಒಣಗೇ ಇರುತ್ತದೆ.

ಇದು ಆಗಬಾರದು ಅಂತಲೇ ಡ್ರಮ್ ಬ್ರೇಕ್‌ನ ಹಳೇ ಮಾಸ್ಟರ್ ಸಿಲಿಂಡರ್‌ಗಳಲ್ಲಿ ತುದಿಯಲ್ಲಿ ಒಂದು ಚೆಕ್ ವಾಲ್ವ್ ಇಡ್ತಿದ್ದರು. ಸ್ಪ್ರಿಂಗ್ ಮುಂದೆ ಕೂರುವ ಪುಟ್ಟ ವಾಲ್ವ್, ಅದರ ಕೆಳಗೆ ರಬ್ಬರ್ ವಾಷರ್. ಪೆಡಲ್ ಬಿಟ್ಟ ಮೇಲೂ ಅದು ಲೈನ್‌ನಲ್ಲಿ ಸುಮಾರು ಹತ್ತು ಪಿಎಸ್‌ಐ (ಚದರ ಇಂಚಿಗೆ ಹತ್ತು ಪೌಂಡ್) ಒತ್ತಡ ಉಳಿಸುತ್ತದೆ. ಶೂ ಎಳೆಯುವ ಸ್ಪ್ರಿಂಗ್ ಮುಂದೆ ಅದು ಏನೂ ಅಲ್ಲ, ಬ್ರೇಕ್ ಹಿಡಿದು ನಿಲ್ಲಲ್ಲ. ಕಪ್ ಅಂಚು ಮಾತ್ರ ಅರಳಿಯೇ ಇರುತ್ತದೆ. ಕಿಟ್ ಹಾಕುವಾಗ ಆ ವಾಷರ್ ಬಿಟ್ಟುಹೋಗೋದು ಬಹಳ ಸಾಮಾನ್ಯ. ಹಳೆಯದು ಸಿಲಿಂಡರ್ ತಳಕ್ಕೆ ಅಂಟಿಕೊಂಡು ಕಿತ್ತು ಬರುತ್ತದೆ, ಹೊಸ ಕಿಟ್‌ನಲ್ಲಿ ಕೆಲವೊಮ್ಮೆ ಇರುವುದೇ ಇಲ್ಲ. ಅದಿಲ್ಲದೆಯೂ ಪೆಡಲ್ ಕೆಲಸ ಮಾಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪೆಡಲ್ ಒತ್ತಿ ಬಿಡಿ, ಒಂದು ನಿಮಿಷ ಸುಮ್ಮನಿರಿ. ಯಾರೂ ಪೆಡಲ್ ಮುಟ್ಟದಿರುವಾಗ ನಿಪ್ಪಲ್ ಸಡಿಲಿಸಿ. ಆಯಿಲ್ ಮೊದಲು ಸಣ್ಣಗೆ ಚಿಮ್ಮಿದರೆ ವಾಲ್ವ್ ಇದೆ. ಶುರುವಿನಿಂದಲೇ ತೊಟ್ಟಿಕ್ಕಿದರೆ ವಾಲ್ವ್ ಇಲ್ಲ ಅಥವಾ ಕೂತಿಲ್ಲ.

ಇನ್ನು ಕೆಲವು ವ್ಹೀಲ್ ಸಿಲಿಂಡರ್‌ನಲ್ಲಿ ಕಪ್ ಒಳಗೆ ಸ್ಪ್ರಿಂಗ್ ತುದಿಗೆ ತಗಡಿನ ಬಿಲ್ಲೆ ಇರುತ್ತದೆ, ಕಪ್ ಅಂಚನ್ನು ಹೊರಗೆ ಒತ್ತಿ ಹಿಡಿಯಲು. ಅದು ಇದ್ದರೆ ಚೆಕ್ ವಾಲ್ವ್ ಇಲ್ಲದಿದ್ದರೂ ನಡೆಯುತ್ತದೆ. ನಿಮ್ಮ ಹೊಸ ಸಿಲಿಂಡರ್ ಒಂದನ್ನು ಬಿಚ್ಚಿ ನೋಡಿ, ಬರೀ ಸ್ಪ್ರಿಂಗ್ ಇದೆಯೋ ಬಿಲ್ಲೆಯೂ ಇದೆಯೋ.

ಏರ್ ತೆಗೆಯುವಾಗ ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಡಿ. ಮಾಸ್ಟರ್ ಹಳೆಯದು, ಕಿಟ್ ಮಾತ್ರ ಹೊಸದು. ಪೆಡಲ್ ನೆಲಕ್ಕೆ ತಾಗಿಸಿದರೆ ಕಪ್ ಯಾವತ್ತೂ ಓಡಾಡದ ಒರಟು ಜಾಗಕ್ಕೆ ಹೋಗಿ ಅಂಚು ಕಿತ್ತುಕೊಳ್ಳುತ್ತದೆ. ಶೂ ಎಲ್ಲ ಪೂರ್ತಿ ಬಿಗಿ ಮಾಡಿ, ಚಕ್ರ ತಿರುಗದ ಹಾಗೆ. ಆಗ ವ್ಹೀಲ್ ಸಿಲಿಂಡರ್ ಪಿಸ್ಟನ್ ಓಡಾಡಲ್ಲ, ಒತ್ತಿದ ಆಯಿಲ್ ಎಲ್ಲ ನಿಪ್ಪಲ್‌ಗೇ ಬರುತ್ತದೆ. ಹಿಂದಿನ ಎಡಗಡೆಯಿಂದ ಶುರು ಮಾಡಿ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆಯದು. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಆಯಿಲ್ ಡಬ್ಬಿ ಅಲ್ಲಾಡಿಸಿ ಸುರಿಯಬೇಡಿ, ಬಾಟಲಿಗೆ ಬಿದ್ದ ಆಯಿಲ್ ವಾಪಸ್ ಹಾಕಬೇಡಿ.

ನಿಪ್ಪಾಣಿ_ಜೀಪ್

ಮಿಸ್ತ್ರಿ ಕಾಕಾ, ಕಟ್ಟಿಗೆ ಬಗ್ಗೆ ಒಪ್ಪಿದೆ. ಆದರೆ ಇಷ್ಟೆಲ್ಲ ಯಾಕೆ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದರೆ ಗಲಾಟೆಯೇ ಇಲ್ಲವಲ್ಲ?

ಬಿಜಾಪುರ_ಮಿಸ್ತ್ರಿ

ಹಾಕಿಸಬಹುದು. ಆಗ ಮಾಸ್ಟರ್ ಬದಲಾಗಬೇಕು, ಹತ್ತು ಪಿಎಸ್‌ಐ ವಾಲ್ವ್ ಡಿಸ್ಕ್ ಲೈನ್‌ನಲ್ಲಿ ಇದ್ದರೆ ಪ್ಯಾಡ್ ಯಾವಾಗಲೂ ತಿಕ್ಕುತ್ತಿರುತ್ತದೆ. ಡ್ರಮ್ ಸರಿ ಹೊಂದಿಸಿದರೆ ಅಂಬಾಸಿಡರ್ ಚೆನ್ನಾಗಿಯೇ ನಿಲ್ಲುತ್ತದೆ. ಘಾಟ್‌ನಲ್ಲಿ ಗೇರ್ ಇಳಿಸದೆ ಬರೀ ಬ್ರೇಕ್ ಮೇಲೆ ಬರೋರಿಗೆ ಡಿಸ್ಕ್ ಆದರೂ ಬಿಸಿಯೇ.

ಟಿಳಕವಾಡಿ_ಅಂಬಿ

ವರದಿ ಒಪ್ಪಿಸ್ತೀನಿ. ಡಮ್ಮಿ ಬೋಲ್ಟ್ ಹಾಕಿದಾಗ ಪೆಡಲ್ ಕಲ್ಲು. ಮಾಸ್ಟರ್ ಕಪ್ ಬಗ್ಗೆ ಚಿಂತೆ ಇಲ್ಲ. ಹಿಂದಿನ ಲೈನ್ ಬಂದ್ ಮಾಡಿದರೆ ಏನೂ ವ್ಯತ್ಯಾಸ ಇಲ್ಲ. ಮುಂದಿನ ಎಡ ಹೋಸ್ ಕ್ಲಾಂಪ್ ಮಾಡಿದ ಕೂಡಲೇ ಪೆಡಲ್ ಬಹುತೇಕ ಗಟ್ಟಿ!

ಲೇಥ್ ಸರ್ ಹೇಳಿದ ಹಾಗೇ ಇತ್ತು. ಬಲಗಡೆ ನಿಪ್ಪಲ್ ಮೇಲಿನ ತೂತಿನಲ್ಲಿ, ಎಡಗಡೆ ಬ್ರಿಡ್ಜ್ ಪೈಪ್ ಮೇಲೆ, ನಿಪ್ಪಲ್ ಕೆಳಗೆ. ಗ್ಯಾರೇಜ್‌ನಲ್ಲಿ ಬ್ಯಾಕ್ ಪ್ಲೇಟ್ ಪೇಂಟ್ ಮಾಡಿ ವಾಪಸ್ ಜೋಡಿಸುವಾಗ ಆದದ್ದು. ಅದಲು ಬದಲು ಮಾಡಿ, ಬ್ರಿಡ್ಜ್ ಪೈಪ್ ಸ್ವಲ್ಪ ಬಗ್ಗಿಸಿ ಹೊಂದಿಸಿದೆವು. ಏರ್ ತೆಗೆಯುವಾಗ ಎಡಗಡೆಯಿಂದ ಬಂದ ಗುಳ್ಳೆ ನೋಡಿ ಮನೆಯವರೆಲ್ಲ ಹೊರಗೆ ಬಂದು ನಿಂತರು. ಪೆಡಲ್ ಈಗ ಅಡಿಯಲ್ಲಿ ಇಟ್ಟಿಗೆ ಇಟ್ಟಷ್ಟು ಗಟ್ಟಿ.

ಮಿಸ್ತ್ರಿ ಕಾಕಾ ಹೇಳಿದ ನಿಪ್ಪಲ್ ಟೆಸ್ಟ್ ಕೂಡ ಮಾಡಿದೆ. ಚಿಮ್ಮಲಿಲ್ಲ, ಶುರುವಿನಿಂದಲೇ ತೊಟ್ಟಿಕ್ಕಿತು. ವ್ಹೀಲ್ ಸಿಲಿಂಡರ್ ಬಿಚ್ಚಿ ನೋಡಿದೆ, ಬರೀ ಸ್ಪ್ರಿಂಗ್, ಬಿಲ್ಲೆ ಇಲ್ಲ. ಕೊಲ್ಹಾಪುರದ ಅಂಗಡಿಯೊಂದರಲ್ಲಿ ಮಾಸ್ಟರ್ ಚೆಕ್ ವಾಲ್ವ್, ವಾಷರ್ ಸಮೇತ ಸಿಗುತ್ತದೆ ಅಂದಿದ್ದಾರೆ, ತರಿಸ್ತಾ ಇದ್ದೇನೆ. ಹಾಕುವಾಗ ನೋಡಿಕೊಳ್ಳಬೇಕಾದ್ದು ಏನಾದರೂ ಇದೆಯಾ?

ಉದ್ಯಮಬಾಗ_ಲೇಥ್ (ಬೆಳಗಾವಿ)

ಮಾಸ್ಟರ್ ಹೇಗೂ ಬಿಚ್ತೀರಿ, ಒಳಗೆ ಟಾರ್ಚ್ ಹಾಕಿ ನೋಡಿ. ಗುಳಿ ಇದ್ದರೆ ಹೋನಿಂಗ್ ಮಾಡಿ (ಗೋಡೆ ಉಜ್ಜಿ) ದೊಡ್ಡದು ಮಾಡಲು ಹೋಗಬೇಡಿ, ಕಪ್ ಸಡಿಲ ಆಗುತ್ತದೆ. ಒಳಗೆ ಸ್ಟೇನ್‌ಲೆಸ್ ಸ್ಲೀವ್, ಅಂದ್ರೆ ಕೊಳವೆ, ಹಾಕಿಸಿ. ಸ್ಲೀವ್ ಹಾಕಿದ ಮೇಲೆ ಡಬ್ಬಿಯಿಂದ ಬರುವ ಎರಡೂ ತೂತು, ಅದರಲ್ಲೂ ಸಣ್ಣದು, ಮತ್ತೆ ಕೊರೆದಿದ್ದಾರಾ, ಅಂಚಿನ ಮುಳ್ಳು ತೆಗೆದಿದ್ದಾರಾ ಅಂತ ಕೇಳಿ ತೆಗೆದುಕೊಳ್ಳಿ.

ಬಿಜಾಪುರ_ಮಿಸ್ತ್ರಿ

ವಾಷರ್ ಮೊದಲು ತಳಕ್ಕೆ ಸಮ ಕೂರಬೇಕು, ಅದರ ಮೇಲೆ ವಾಲ್ವ್, ಆಮೇಲೆ ಸ್ಪ್ರಿಂಗ್. ಎಲ್ಲದಕ್ಕೂ ಬ್ರೇಕ್ ಆಯಿಲ್ ಸವರಿ ಹಾಕಿ. ಗ್ರೀಸ್, ಇಂಜಿನ್ ಆಯಿಲ್ ಮುಟ್ಟಿಸಬೇಡಿ, ರಬ್ಬರ್ ಉಬ್ಬುತ್ತದೆ. ಗಾಡಿಗೆ ಹಾಕುವ ಮುಂಚೆ ವೈಸ್‌ನಲ್ಲಿ ಹಿಡಿದು, ಆಯಿಲ್ ತುಂಬಿ, ನಿಧಾನಕ್ಕೆ ಒತ್ತಿ ಮಾಸ್ಟರ್‌ನ ಏರ್ ಅಲ್ಲೇ ತೆಗೆಯಿರಿ.

ಪೆಡಲ್‌ನಿಂದ ಮಾಸ್ಟರ್ ಪಿಸ್ಟನ್ ತಳ್ಳುವ ಪುಶ್ ರಾಡ್‌ಗೆ ಸ್ವಲ್ಪ ಸಡಿಲ ಇರಲೇಬೇಕು, ಬೆರಳಿನಿಂದ ಪೆಡಲ್ ಅಲ್ಲಾಡಿಸಿದರೆ ಗೊತ್ತಾಗಬೇಕು. ಅದು ಇಲ್ಲದಿದ್ದರೆ ಸಣ್ಣ ತೂತು ಮುಚ್ಚಿಕೊಂಡು, ಆಯಿಲ್ ಬಿಸಿ ಆದ ಹಾಗೆ ಬ್ರೇಕ್ ತಾನೇ ಹಿಡಿಯುತ್ತಾ ಬರುತ್ತದೆ. ಮೊದಲು ಖಾನಾಪುರದ ಕಡೆ ಸಮ ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿ, ನಾಲ್ಕೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಒಂದೇ ಜಾಸ್ತಿ ಬಿಸಿ ಇದ್ದರೆ ಆ ಚಕ್ರದ ಶೂ ಬಿಗಿ ಜಾಸ್ತಿ. ನಾಲ್ಕೂ ಬಿಸಿ ಇದ್ದರೆ ಪುಶ್ ರಾಡ್ ನೋಡಿ. ಚೋರ್ಲಾ ಆಮೇಲೆ.